ಮುಂದ ಹೋಗ್ಲೇನ್ರಿ?

ನಮ್ಮ ಊರಿನಲ್ಲಿ ಮುಂದೆ ನಡೆಯುತ್ತಿರುವವರನ್ನು ಕೇಳದೆ ಯಾರೂ ದಾಟುವುದಿಲ್ಲ. "ಮುಂದ ಹೋಗ್ಲೇನ್ರಿ?" ಎನ್ನಬೇಕು. ಅವರು "ಹೋಗಿ ಬರ್ರಿ" ಎನ್ನಬೇಕು. ಆಮೇಲೆ ನೀವು ನಡೆದಾದರೂ ಹೋಗಿ, ಓಡಿಯಾದರೂ ಹೋಗಿ, ಲಾರಿ ಏರಿಯಾದರೂ ಹೋಗಿ. ಕೇಳದೆ ನುಗ್ಗಿದರೆ ಸಿಡಿಲೇನೂ ಬಡಿಯುವುದಿಲ್ಲ, ಕೈಕಾಲೂ ಮುರಿಯುವುದಿಲ್ಲ. ದಾಟಿದೆ ಎಂದುಕೊಂಡು ತಲೆ ಎತ್ತಿ ನೋಡಿದರೆ ಅದೇ ಬೆನ್ನು ಮತ್ತೆ ನಿಮ್ಮ ಮುಂದಿರುತ್ತದೆ, ಅಷ್ಟೆ. ಮುಂದಿನವರು ನಿಂತುಬಿಟ್ಟರೆ, ಓಣಿಗೆ ತಿರುಗಿದರೆ, ಇಲ್ಲವೇ ರಸ್ತೆ ಬಿಟ್ಟು ಗಟಾರದ ಅಂಚಿಗೆ ಇಳಿದರೆ ಕೇಳುವ ಅಗತ್ಯವಿಲ್ಲ. ಊರ ಬಾಗಿಲಿದೆಯಲ್ಲ, ಅಗಸಿ, ಅದರಿಂದ ಆಚೆಗೆ ಈ ಕಟ್ಟಳೆ ಇಲ್ಲವಂತೆ. ಅಲ್ಲಿಯವರು ಹೇಗೆ ಬಾಳುವೆ ಮಾಡುತ್ತಾರೋ ನಮಗೆ ಗೊತ್ತಿಲ್ಲ.

ಹೀಗಾಗಿ ನಮ್ಮಲ್ಲಿ ನಿಧಾನಕ್ಕೇ ಬೆಲೆ. ಬೇರೆ ಊರಿನ ದೊಡ್ಡವರು ಕಾರಿನಲ್ಲಿ ಭರ್ರೆಂದು ಹೋಗುತ್ತಾರೆ; ನಮ್ಮ ಊರಿನ ದೊಡ್ಡವರು ಕೈ ಹಿಂದೆ ಕಟ್ಟಿಕೊಂಡು ನಡುರಸ್ತೆಯಲ್ಲಿ ನಡೆಯುತ್ತಾರೆ. ಎಷ್ಟು ನಿಧಾನವೋ ಅಷ್ಟು ದೊಡ್ಡವರು. ಪುರಸಭೆ ಅಧ್ಯಕ್ಷ ರುದ್ರಗೌಡರು ಬೆಳಿಗ್ಗೆ ಮನೆ ಬಿಟ್ಟರೆ ಪುರಸಭೆ ಮುಟ್ಟುವಷ್ಟರಲ್ಲಿ ಅಂಗಡಿಯ ಇಡ್ಲಿ ಖಾಲಿಯಾಗಿರುತ್ತದೆ. ಅವರ ಹಿಂದೆ ಶಾಲೆಯ ಮಾಸ್ತರರು, ಬಸ್ಸು, ಹಾಲಿನ ಗಾಡಿ, ಹೆರಿಗೆ ನೋವು ತಿನ್ನುತ್ತಿರುವ ಸೊಸೆಯನ್ನು ಕೂರಿಸಿಕೊಂಡ ಆಟೊ, ಎಲ್ಲ ಸಾಲಾಗಿ. ಗೌಡರನ್ನು ಒಮ್ಮೆ ಕೇಳಿದರೆ ಕೇಳಿಸುವುದಿಲ್ಲ. ಎರಡನೇ ಸಲ ಕೇಳಿದರೆ "ಯಾರಂವಾ?" ಎನ್ನುತ್ತಾರೆ. ಮೂರನೇ ಸಲ "ಯಾರ ಮಗಾ?" ಎನ್ನುತ್ತಾರೆ. ಅಪ್ಪನ ಹೆಸರು ಹೇಳಿ, ಅಜ್ಜನ ಹೆಸರು ಹೇಳಿ, ಹೋದ ಚುನಾವಣೆಯಲ್ಲಿ ಯಾರಿಗೆ ಓಟು ಹಾಕಿದೆವೆಂದು ಒಂದಿಷ್ಟು ಸುಳ್ಳು ಹೇಳಿದ ಮೇಲೆ "ಹೋಗಿ ಬಾ" ಸಿಗುತ್ತದೆ. ಆನೆ ನಡೆದದ್ದೇ ದಾರಿ ಎನ್ನುತ್ತಾರಲ್ಲ, ನಮ್ಮಲ್ಲಿ ಆನೆಯ ಹಿಂದೆಯೇ ದಾರಿ.

ಕೇಳಿಸಿಕೊಳ್ಳುವವರು ಇದ್ದಮೇಲೆ ಇಳಿಯುವವರೂ ಇರಬೇಕು. ಹಿಂದೆ ಹೆಜ್ಜೆ ಸಪ್ಪಳವಾದ ಕೂಡಲೇ ಬಡವರು ತಾವಾಗಿಯೇ ಗಟಾರದ ಅಂಚಿಗೆ ಇಳಿಯುತ್ತಾರೆ. ಹೀಗೆ ಇಳಿದಿಳಿದು ರಸ್ತೆಯ ಎರಡೂ ಬದಿಗೆ ಒಂದೊಂದು ಕಾಲುದಾರಿಯೇ ಬಿದ್ದುಬಿಟ್ಟಿದೆ. ರೊಟ್ಟಿ ಸಂಗವ್ವ ಹುಟ್ಟಿದಾಗಿನಿಂದ ಅದರ ಮೇಲೆಯೇ ನಡೆದವಳು. ಗಂಡ ತೀರಿಹೋದ ಮೇಲೆ ಜೋಳದ ರೊಟ್ಟಿ ಬಡಿದು, ಬುಟ್ಟಿಯಲ್ಲಿ ಹೊತ್ತು ಬಸ್‌ಸ್ಟ್ಯಾಂಡಿನ ಖಾನಾವಳಿಗೆ ಕೊಡುತ್ತ ಮಗನನ್ನು ಸಾಕಿದಳು. ಆಕೆಯನ್ನು "ಮುಂದ ಹೋಗ್ಲೇನಬೇ?" ಎಂದು ಕೇಳಿದವರು ಈ ಊರಿನಲ್ಲಿ ಒಬ್ಬರೂ ಇಲ್ಲ. ನಾಯಿ ಬಂದರೂ ಇಳಿದು ದಾರಿ ಬಿಡುವ ಹೆಂಗಸನ್ನು ಯಾರು ಯಾಕೆ ಕೇಳುತ್ತಾರೆ?

ಇಂಥ ಊರಿಗೆ ಸೈಕಲ್ ಪಂದ್ಯ ಬಂತು. ಪಂದ್ಯವೆಂದರೆ ನಮ್ಮ ಹುಡುಗರು ಹಬ್ಬದಲ್ಲಿ ಬಿಡುವ ಸೈಕಲ್ ಅಲ್ಲ. ಒಂದು ವಾರದ ಪಂದ್ಯ. ದಿನಕ್ಕೊಂದು ಹಂತ, ಒಂದು ಊರಿನಿಂದ ಇನ್ನೊಂದು ಊರಿಗೆ. ಎಲ್ಲ ದಿನಗಳ ಹೊತ್ತನ್ನು ಕೂಡಿಸಿದಾಗ ಯಾರದು ಕಡಿಮೆಯೋ ಅವನಿಗೆ ಹಳದಿ ಅಂಗಿ. ಸೈಕಲ್ಲುಗಳನ್ನು ಕಿರುಬೆರಳಿನಲ್ಲಿ ಎತ್ತಬಹುದು, ಬೆಲೆ ಕೇಳಿದರೆ ಎದೆ ಹಿಡಿದುಕೊಳ್ಳಬೇಕು. ಅಂಥದ್ದರ ಒಂದು ಹಂತ ನಮ್ಮ ಪುರಸಭೆಯ ಮುಂದೆ ಮುಗಿಯಬೇಕೆಂದು ಗೌಡರು ಓಡಾಡಿ, ಅಂದರೆ ಅವರ ಲೆಕ್ಕದಲ್ಲಿ ಓಡಾಡಿ, ಗಿಟ್ಟಿಸಿಕೊಂಡು ಬಂದಿದ್ದರು.

ವ್ಯವಸ್ಥಾಪಕರ ಕಡೆಯ ಒಬ್ಬ ಯುವಕ ತಂಪು ಕನ್ನಡಕವನ್ನು ನೆತ್ತಿಗೇರಿಸಿಕೊಂಡು ಬಂದ. ಪುರಸಭೆಯ ಸಭೆಯಲ್ಲಿ "ನಿಮ್ಮೂರ ರಸ್ತೆಯಲ್ಲಿ ಸವಾರರಿಗೆ ತೊಂದರೆಯಾಗುವಂಥದ್ದು ಏನಾದರೂ ಇದೆಯಾ?" ಎಂದು ಕೇಳಿದ. ನಾವು ಪ್ರಾಮಾಣಿಕವಾಗಿ ಯೋಚಿಸಿದೆವು. ಬ್ಯಾಂಕಿನ ಮುಂದೆ ಒಂದು ತಗ್ಗು ಇದೆ ಎಂದ ಒಬ್ಬ. ಕಲ್ಲಪ್ಪನ ಎಮ್ಮೆ ಹಾಯುತ್ತದೆ ಎಂದ ಇನ್ನೊಬ್ಬ. ತಗ್ಗು ಮುಚ್ಚಿಸಿದರು, ಎಮ್ಮೆ ಕಟ್ಟಿಸಿದರು. ಕೇಳದೆ ದಾಟುವ ಮಾತು ಮಾತ್ರ ಯಾರ ಬಾಯಿಂದಲೂ ಬರಲಿಲ್ಲ. ಮುಚ್ಚಿಟ್ಟೆವೆಂದಲ್ಲ. ಮುಂದಿರುವವರನ್ನು ಕೇಳದೆ ದಾಟುವ ಜನವೂ ಭೂಮಿಯ ಮೇಲೆ ಇದ್ದಾರೆಂದು ನಮಗೆ ಹೊಳೆಯಲೇ ಇಲ್ಲ. ಅಷ್ಟು ಓದಿದವರು, ಅಷ್ಟು ಚೆಂದದ ಬಟ್ಟೆ ತೊಟ್ಟವರು, ಕೇಳಿಯೇ ದಾಟುತ್ತಾರೆ ಎಂದುಕೊಂಡೆವು.

ನಾನು ಈ ಊರಿನ ಮೈಕಿನವನು, ಮೌಲಾಲಿ. ನಲ್ಲಿ ನೀರು ಬಿಡುವುದರಿಂದ ಹಿಡಿದು ಕುಸ್ತಿಯವರೆಗೆ ಎಲ್ಲವನ್ನೂ ಕೂಗುವವನು ನಾನೇ. ಅವತ್ತು ಪಂದ್ಯ ಮುಗಿಯುವ ಗೆರೆಯ ಪಕ್ಕದಲ್ಲಿ ಕಟ್ಟಿದ ಎತ್ತರದ ಮಂಚದ ಮೇಲೆ ನನ್ನನ್ನೇ ನಿಲ್ಲಿಸಿದ್ದರು. ಅಲ್ಲಿಂದ ಕಂಡದ್ದು ನಾನು ಕಂಡದ್ದು. ಕಾಣದ್ದನ್ನು ಆಮೇಲೆ ದ್ಯಾಮಣ್ಣ ನನಗೆ ಚಹಾ ಕುಡಿಯುತ್ತ ಹೇಳಿದ್ದು.

ದ್ಯಾಮಣ್ಣ ಎಂದರೆ ಸಂಗವ್ವನ ಮಗ. ಪಂದ್ಯದಲ್ಲಿ ಓಡಿಸುತ್ತಿದ್ದ ನಮ್ಮೂರಿನ ಒಬ್ಬನೇ ಒಬ್ಬ. ಊರಿನವರು ಅವನನ್ನು ಚಾಂಪಿಯನ್ ಎಂದುಕೊಂಡಿದ್ದರು, ಬ್ಯಾನರಿನಲ್ಲಿ ಹಾಗೆಯೇ ಬರೆಸಿದ್ದರು. ನಿಜ ಏನೆಂದರೆ ಅವನದು ನೀರು ಕೊಡುವ ಕೆಲಸ. ಪ್ರತಿ ತಂಡಕ್ಕೂ ಒಬ್ಬ ನಾಯಕ, ಉಳಿದವರೆಲ್ಲ ಅವನ ಆಳು. ಕಾರಿನಿಂದ ನೀರಿನ ಬಾಟಲಿಗಳನ್ನು ಅಂಗಿಯೊಳಗೆ ತುಂಬಿಕೊಂಡು ಬಂದು ನಾಯಕನಿಗೆ ಕುಡಿಸಬೇಕು. ಎದುರುಗಾಳಿ ಬಂದರೆ ಅವನ ಮುಂದೆ ಗೋಡೆಯಾಗಬೇಕು. ಅವನ ಗಾಲಿ ಪಂಕ್ಚರ್ ಆದರೆ ತನ್ನದನ್ನು ಬಿಚ್ಚಿ ಕೊಟ್ಟು ರಸ್ತೆ ಬದಿಗೆ ಕೂರಬೇಕು. ದ್ಯಾಮಣ್ಣ ಇದನ್ನೆಲ್ಲ ಚೆನ್ನಾಗಿ ಮಾಡುತ್ತಿದ್ದ. ದಾರಿ ಬಿಡುವುದು ತಾಯಿಯ ಹಾಲಿನಲ್ಲೇ ಬಂದಿತ್ತು. ಇಷ್ಟು ವರ್ಷ ಓಡಿಸಿದರೂ ಒಂದೇ ಒಂದು ಗೆರೆಯನ್ನೂ ಅವನು ಮೊದಲು ದಾಟಿರಲಿಲ್ಲ. ವಯಸ್ಸಾಯಿತು, ಇದೇ ನಿನ್ನ ಕೊನೆಯ ಪಂದ್ಯ ಎಂದು ಮ್ಯಾನೇಜರ್ ಹೇಳಿಯೂ ಆಗಿತ್ತು. ಆಗಲಿ ಸರ್ ಎಂದಿದ್ದ. ಒಳಗೆ ಮಾತ್ರ ಒಂದು ಮುಳ್ಳು ಉಳಿದಿತ್ತು: ಒಮ್ಮೆ, ಒಂದೇ ಒಂದು ಸಲ, ಮುಂದೆ ಯಾರೂ ಇಲ್ಲದ ರಸ್ತೆಯಲ್ಲಿ ಗೆರೆ ಮುಟ್ಟಬೇಕು.

ಸೈಕಲ್ ಸವಾರರಲ್ಲೂ ಒಂದು ಪದ್ಧತಿ ಇದೆಯಂತೆ. ಪಂದ್ಯ ಯಾರಾದರೂ ಸವಾರನ ಹುಟ್ಟೂರಿಗೆ ಬಂದರೆ, ಉಳಿದವರು ವೇಗ ತಗ್ಗಿಸಿ ಅವನನ್ನು ಮುಂದೆ ಬಿಡುತ್ತಾರೆ. ಅವನು ಹೋಗಿ ಮನೆಯ ಮುಂದೆ ಇಳಿದು, ತಂದೆತಾಯಿಯನ್ನು ಮಾತಾಡಿಸಿ, ಗುಂಪು ಬಂದಾಗ ಮತ್ತೆ ಸೇರಿಕೊಳ್ಳುತ್ತಾನೆ. ಚೆಂದದ ಪದ್ಧತಿ. ಒಳ್ಳೆಯವರಾಗಲು ಖರ್ಚಿಲ್ಲದ ಕಡೆ ಎಲ್ಲರೂ ಒಳ್ಳೆಯವರೇ. ನಮ್ಮ ಅಗಸಿ ಕಂಡಾಗ ಅವನ ತಂಡದ ನಾಯಕ, ಹಳದಿ ಅಂಗಿಯ ವಿರಾಜ್, ಮಹಾರಾಜನ ಹಾಗೆ ಕೈಯಾಡಿಸಿ, "ಹೋಗು ದ್ಯಾಮಣ್ಣ, ನಿನ್ನ ತಾಯಿಯನ್ನು ನೋಡಿ ಬಾ" ಎಂದ. ಅಗಸಿಯಿಂದ ಗೆರೆಗೆ ಇನ್ನೊಂದು ಹರದಾರಿಯೂ ಇರಲಿಲ್ಲ. ಮನೆ ನಡುವೆ. ನಾಲ್ಕು ಮಾತಾಡಿ ಕೊನೆಯವನಾಗಿ ಬಂದರೂ ನೀರಿನವನಿಗೆ ಏನು ನಷ್ಟ?

ದ್ಯಾಮಣ್ಣ ಅಗಸಿ ದಾಟಿದ. ಹಿಂದೆಯೇ ಗುಂಪೂ ದಾಟಿತು. ಮೊದಲು ಕೆಂಪು ಅಂಗಿಯವನೊಬ್ಬ ಗೆಲ್ಲುವ ಆಸೆಗೆ ಬಿದ್ದು, ಕಳ್ಳಬೆಕ್ಕಿನಂತೆ ಬದಿಯಿಂದ ನುಗ್ಗಿದ. ದ್ಯಾಮಣ್ಣನನ್ನು ದಾಟಿ ತಲೆ ಎತ್ತಿದರೆ ಮುಂದೆ ದ್ಯಾಮಣ್ಣನ ಬೆನ್ನು. ಕಣ್ಣುಜ್ಜಿಕೊಂಡು ಮತ್ತೆ ತುಳಿದ. ಮತ್ತೆ ಬೆನ್ನು. ಇನ್ನಿಬ್ಬರು ಎಡದಿಂದ ಬಂದರು, ಮೂವರು ಬಲದಿಂದ. ಬದಿಗೆ ನಿಂತ ನಮ್ಮ ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. "ಕೇಳ್ರೋ! ಬಾಯಿಲ್ಲೇನು ನಿಮಗ? ಕೇಳ್ರಿ!" ಎಂದು ಹೆಂಗಸರು ಕೂಗಿದರು. ಅದನ್ನು ಅವರು ಚಪ್ಪಾಳೆ ಎಂದುಕೊಂಡು ಇನ್ನೂ ಜೋರಾಗಿ ತುಳಿದರು.

ದ್ಯಾಮಣ್ಣನಿಗೆ ಆಗ ಹೊಳೆಯಿತು. ಕಟ್ಟಳೆಯನ್ನು ಅವನು ಮರೆತಿರಲಿಲ್ಲ. ಆದರೆ ಹುಟ್ಟಿದೂರಿನ ರಸ್ತೆಯಲ್ಲಿ ತಾನು ಯಾರಿಗಾದರೂ ಮುಂದೆ ಇರಬಹುದೆಂದು ಅವನು ಕನಸಿನಲ್ಲೂ ಎಣಿಸಿರಲಿಲ್ಲ. ಈಗ ಇಡೀ ಪಂದ್ಯ ಅವನ ಬೆನ್ನ ಹಿಂದಿತ್ತು. ಅವನು ನಿಲ್ಲದಿದ್ದರೆ, ಅವರು ಕೇಳದಿದ್ದರೆ, ಗೆರೆ ಅವನದು. ಆಸೆ ಎಂಬುದು ಅಷ್ಟು ವರ್ಷ ಎಲ್ಲಿ ಮಲಗಿತ್ತೋ, ಒಮ್ಮೆಗೇ ಎದ್ದು ಕೂತಿತು.

ಕಿವಿಯೊಳಗಿನ ಯಂತ್ರದಲ್ಲಿ ಮ್ಯಾನೇಜರ್ ಅರಚಿದ. "ದ್ಯಾಮಣ್ಣ, ನಿಂತ್ಕೊ! ವಿರಾಜ್ ಹಿಂದೆ ಇದ್ದಾನೆ, ಪಕ್ಕಕ್ಕೆ ಹೋಗು!"

"ಅವರಿಗೆ ಕೇಳಂತ ಹೇಳ್ರಿ ಸರ್. ಒಂದು ಮಾತು ಕೇಳಿದ್ರ ಬಿಡ್ತೀನಿ."

"ಏನು ಕೇಳ್ಬೇಕು?"

"ಮುಂದ ಹೋಗ್ಲೇನು ಅಂತ."

ಅದೇ ಯಂತ್ರ ವಿರಾಜನ ಕಿವಿಯಲ್ಲೂ ಇತ್ತು. "ನಾನು? ಇವನನ್ನು ಕೇಳಬೇಕಾ?" ಎಂದ ವಿರಾಜ್. "ನನ್ನ ಬಾಟಲಿ ತುಂಬೋನನ್ನ?" ಆಮೇಲೆ "ಬದಿಗೆ ಸರಿಯೋ!" ಎಂದು ಒದರಿ ನುಗ್ಗಿದ. ಅಪ್ಪಣೆ ಮಾಡುವುದು ಬೇರೆ, ಕೇಳುವುದು ಬೇರೆ. ನಮ್ಮ ರಸ್ತೆಗೆ ಅದರ ವ್ಯತ್ಯಾಸ ಗೊತ್ತು. ಹಳದಿ ಅಂಗಿ ದಾಟಿತು, ಮತ್ತೆ ಹಿಂದೆಯೇ ಇತ್ತು. ಆ ಮನುಷ್ಯ ಎರಡು ಮಾತು ಆಡಿದ್ದರೆ ದ್ಯಾಮಣ್ಣ ಖಂಡಿತ ಬಿಡುತ್ತಿದ್ದ, ನನಗೆ ಆಣೆ ಹಾಕಿ ಹೇಳಿದ್ದಾನೆ. ನಾಯಕರಿಗೆ ಬೆಟ್ಟ ಹತ್ತುವುದು ಸುಲಭ, ಬಾಯಿ ಬಿಟ್ಟು ಕೇಳುವುದು ಕಷ್ಟ.

ಮನೆ ಬಂತು. ಬಾಗಿಲಿಗೆ ಬೀಗ. ಮೂರು ವರ್ಷದ ಮೇಲೆ ಬರುತ್ತಿರುವ ಮಗನನ್ನು ನೋಡಲು ಅವ್ವ ಹೊಸ್ತಿಲಲ್ಲೂ ನಿಂತಿಲ್ಲವೇ? ಅಷ್ಟರಲ್ಲಿ ಪಕ್ಕದ ಮನೆಯ ನೀಲವ್ವ ಕಟ್ಟೆಯ ಮೇಲಿನಿಂದ ಕೂಗಿದಳು: "ನಿಮ್ಮವ್ವ ಪುರಸಭಿ ಕಡೆ ಹೋಗ್ಯಾಳೋ ತಮ್ಮಾ! ಬಾಗಿಲದಾಗ ನಾ ನಿಂತ್ರ ನೀ ನಿಲ್ತಿ, ನೀ ನಿಂತ್ರ ಸೋಲ್ತಿ ಅಂತ ಬೀಗ ಹಾಕ್ಕೊಂಡು ಹೋದ್ಳು!" ದ್ಯಾಮಣ್ಣ ಹಲ್ಲು ಕಚ್ಚಿ ತುಳಿದ. ಈಗ ಗೆಲುವು ಅವನೊಬ್ಬನದಾಗಿ ಉಳಿದಿರಲಿಲ್ಲ.

ಇತ್ತ ಗೆರೆಯ ಹತ್ತಿರ ನಮ್ಮದೇ ಒಂದು ಪಂದ್ಯ ನಡೆದಿತ್ತು. ಪಂದ್ಯದ ಮುಂದೆ ದಾರಿ ಬಿಡಿಸುವ ಪೊಲೀಸರ ಜೀಪು ಬಂದು ಹೋದದ್ದೇ ತಡ, ಗೌಡರು ಪೇಟೆಯ ನಡುವೆ ರಸ್ತೆಗೆ ಇಳಿದರು. ಗೆರೆಯ ಹತ್ತಿರದ ಬಹುಮಾನದ ವೇದಿಕೆಗೆ ಹಿಂದಿನಿಂದ ಬೇರೆ ದಾರಿ ಇತ್ತು. ಆದರೆ ಅಷ್ಟು ಕ್ಯಾಮೆರಾಗಳ ಎದುರು, ಅಷ್ಟು ಜನರ ನಡುವೆ ಖಾಲಿ ರಸ್ತೆ ಹಾಸಿಕೊಂಡಿರುವಾಗ ಬೇರೆ ದಾರಿ ಹಿಡಿಯಲು ಅವರಿಗೇನು ಹುಚ್ಚೇ? ಗೆದ್ದವನಿಗೆ ಹಾಕಬೇಕಾದ ಹಾರವನ್ನು ತಾವೇ ಕೈಯಲ್ಲಿ ಹಿಡಿದು, ಮದುವೆಗೆ ಹೊರಟ ಹಿರಿಯರಂತೆ ಗೆರೆಯ ಕಡೆಗೆ ನಡೆದರು. ಹಿಂದೆ ಸಂಗವ್ವ ಬಂದಳು, ತಲೆಯ ಮೇಲೆ ಬುಟ್ಟಿ, ಬುಟ್ಟಿಯಲ್ಲಿ ಮಗನಿಗೆಂದು ಮಾಡಿದ ಶೇಂಗಾ ಹೋಳಿಗೆ. ರಸ್ತೆಯ ಎರಡೂ ಬದಿಗೆ ಬೊಂಬು ಕಟ್ಟಿ ಜನರನ್ನು ಒತ್ತರಿಸಿದ್ದರಿಂದ ಅವಳ ಕಾಲುದಾರಿ ಮುಚ್ಚಿಹೋಗಿತ್ತು. ಗೌಡರ ಊಟದ ಬುಟ್ಟಿಯಿರಬೇಕೆಂದು ಪೊಲೀಸರು ಸಂದಿ ಮಾಡಿ ಬಿಟ್ಟುಬಿಟ್ಟರು. ಹೀಗೆ ಸಂಗವ್ವ ಜೀವಮಾನದಲ್ಲಿ ಮೊದಲ ಸಲ ನಡುರಸ್ತೆಯಲ್ಲಿ ನಡೆದಳು.

ಪೇಟೆಯ ತಿರುವಿನಲ್ಲಿ ದ್ಯಾಮಣ್ಣನಿಗೆ ತಾಯಿಯ ಬೆನ್ನು ಕಂಡಿತು. ಅದರಾಚೆ ಗೌಡರ ಬೆನ್ನು. ಅದರಾಚೆ ಗೆರೆ.

ಗಾಲಿಗಳ ಸಪ್ಪಳ ಕೇಳಿದ ಕೂಡಲೇ ಸಂಗವ್ವ ಅಭ್ಯಾಸದಂತೆ ಬದಿಗೆ ಇಳಿಯಲು ಹೋದಳು. ಬೊಂಬು ಅಡ್ಡ ಬಂತು. ಇನ್ನೊಂದು ಬದಿಗೆ ಹೋದಳು. ಅಲ್ಲಿಯೂ ಬೊಂಬು. ಸಿಕ್ಕಿಬಿದ್ದ ಕೋಳಿಯ ಹಾಗೆ ಆಕಡೆ ಈಕಡೆ ನೋಡುತ್ತಲೇ ನಡೆದಳು. ಜನ ನಗತೊಡಗಿದರು. ದ್ಯಾಮಣ್ಣ ಸೈಕಲ್ಲಿನಿಂದ ಇಳಿದು, ಅದನ್ನು ತಳ್ಳಿಕೊಂಡು ಅವಳ ಹೆಜ್ಜೆಗೆ ಹೆಜ್ಜೆ ಹಾಕಿದ. ಹಿಂದಿನ ಇಡೀ ಗುಂಪೂ ಇಳಿಯಲೇಬೇಕಾಯಿತು, ಯಾಕೆಂದರೆ ಅಷ್ಟು ನಿಧಾನಕ್ಕೆ ಆ ದುಬಾರಿ ಸೈಕಲ್ಲುಗಳು ಬಿದ್ದುಹೋಗುತ್ತವೆ. ಅವರ ಬೂಟಿನ ಕೆಳಗೆ ಪೆಡಲಿಗೆ ಸಿಕ್ಕಿಸುವ ಕಬ್ಬಿಣದ ಗುಬಟು. ಟಕಟಕ ಎಂದು ಕುಂಟುತ್ತ, ಹಳದಿ ಅಂಗಿ, ಕೆಂಪು ಅಂಗಿ, ಚುಕ್ಕೆ ಅಂಗಿ, ಹಿಂದೆ ಹಾರ್ನ್ ಬಾರಿಸುವ ಕಾರುಗಳು, ಎಲ್ಲ ರೊಟ್ಟಿ ಸಂಗವ್ವನ ಹಿಂದೆ ದಿಬ್ಬಣ ಹೊರಟವು.

ಮೈಕಿನಲ್ಲಿ ನಾನು ಏನು ಹೇಳಲಿ? "ಬರ್ತಾ ಇದ್ದಾರೆ... ಇನ್ನೂ ಬರ್ತಾ ಇದ್ದಾರೆ..." ಎಂದೆ.

"ಯವ್ವಾ" ಎಂದ ದ್ಯಾಮಣ್ಣ.

ಸಂಗವ್ವ ತಿರುಗಲಿಲ್ಲ, ತಲೆಯ ಮೇಲೆ ಬುಟ್ಟಿ ಇತ್ತು. ದನಿ ಕೇಳಿಯೇ ಅವಳ ಕಣ್ಣು ತುಂಬಿದವಂತೆ. "ಬಂದೇನೋ ನನ್ನಪ್ಪಾ. ಅಯ್ಯ, ನಾನೇ ಅಡ್ಡ ಬಂದ್ನಲ್ಲೋ ನಿನಗ. ಎಲ್ಲಿ ಇಳೀಲೋ, ಜಾಗಾನೇ ಇಲ್ಲ."

"ಇಳೀಬ್ಯಾಡ, ನಿಂದ್ರಬ್ಯಾಡ. ನಡಿ."

"ಹೋಗೋ ಮುಂದ. ನಾ ಹೇಳಾಕತ್ತೀನಿ, ಹೋಗಿ ಬಾ."

"ನಾ ಕೇಳಿಲ್ಲಲ್ಲ ಯವ್ವಾ."

ಕೇಳದೆ ಕೊಟ್ಟ ಅಪ್ಪಣೆ ನಮ್ಮ ರಸ್ತೆಯಲ್ಲಿ ನಡೆಯುವುದಿಲ್ಲ. ಕೇಳಬೇಕು, ಕೊಡಬೇಕು. "ಕೇಳೋ ಹುಚ್ಚಪ್ಪಾ, ಕೇಳು" ಎಂದು ಸಂಗವ್ವ ಗದರಿದಳು. "ನಿನ್ನ ಕಡೀ ಪಂದ್ಯ ಅಂತ, ನೀಲವ್ವ ಹೇಳಿದ್ಳು." ದ್ಯಾಮಣ್ಣ ಸೈಕಲ್ ತಳ್ಳುತ್ತ ಹಿಂದೆಯೇ ನಡೆದ. ಅವಳ ಮುಂದೆ ಹೇಗೂ ಗೌಡರಿದ್ದರು. ಹಾರ ಹಿಡಿದು, ಕಿವಿ ನೆಟ್ಟಗೆ ಮಾಡಿಕೊಂಡು, ಯಾರಾದರೂ ಕೇಳುತ್ತಾರೆಂದು ಕಾಯುತ್ತ ನಡೆಯುತ್ತಿದ್ದರು. ದೇಶಕ್ಕೆ ದೇಶವೇ ಟೀವಿಯಲ್ಲಿ ನೋಡುತ್ತಿರುವಾಗ ಮೂರು ಸಲ ಕೇಳಿಸಿಕೊಂಡು "ಯಾರ ಮಗಾ?" ಎನ್ನುವ ಅವಕಾಶ ಎಷ್ಟು ಜನಕ್ಕೆ ಸಿಗುತ್ತದೆ? ಯಾರೂ ಕೇಳಲಿಲ್ಲ. ಗೌಡರು ಇನ್ನೂ ನಿಧಾನ ಮಾಡಿದರು. ಆಗಲೂ ಕೇಳಲಿಲ್ಲ. ಹೀಗೇ ಹೋದರೆ ಗೌಡರೇ ಮೊದಲು ಬಂದು, ತಮ್ಮ ಕೊರಳಿಗೆ ತಾವೇ ಹಾರ ಹಾಕಿಕೊಳ್ಳುತ್ತಾರೆಂದು ನಾನು ಮೈಕ್ ಮುಚ್ಚಿ ನಿಟ್ಟುಸಿರು ಬಿಟ್ಟೆ.

ಗೆರೆಗೆ ಇನ್ನೊಂದು ಮಾರು ಇತ್ತು. ಪತ್ರಿಕೆಯ ಫೋಟೊದವನೊಬ್ಬ, ಹೊರಗಿನವನು, ಕ್ಯಾಮೆರಾ ಎತ್ತಿ "ಸರ್, ಒಂದು ನಿಮಿಷ, ಹಾಗೇ ನಿಲ್ಲಿ, ಹಾರ ಸ್ವಲ್ಪ ಮೇಲೆ" ಎಂದ.

ಗೌಡರು ನಿಂತರು.

ಊರಿಗೆ ಊರೇ ಉಸಿರು ಹಿಡಿಯಿತು. ನಿಂತವರನ್ನು ಕೇಳುವ ಅಗತ್ಯವಿಲ್ಲ ಎಂಬುದು ತೊಟ್ಟಿಲ ಕೂಸಿಗೂ ಗೊತ್ತು. ಗೌಡರಿಗೂ ಗೊತ್ತು, ಆದರೆ ಅವರು ಆಗಲೇ ಹಲ್ಲು ಬಿಟ್ಟಾಗಿತ್ತು. ಸಂಗವ್ವ ಅವರ ಮಗ್ಗುಲಿಗೆ ಬಂದಳು, ಹೆದರಿ ಕಾಲೆಳೆದಳು. ಹಿಂದಿನಿಂದ ಮಗ ಇನ್ನೊಮ್ಮೆ ಹೇಳಿದ, "ನಡಿ ಯವ್ವಾ." ಈಗ ಅವಳ ಮುಂದೆ ಯಾರೂ ಇರಲಿಲ್ಲ. ಅವನ ಮುಂದೆ ತಾಯಿಯೊಬ್ಬಳೇ. ಒಂದು ಮಾತು ಕೇಳಿದ್ದರೆ, ಅವಳು ಉತ್ತರ ಬಾಯಲ್ಲೇ ಇಟ್ಟುಕೊಂಡಿದ್ದಳು, ಗೆರೆ ಅವನದಾಗುತ್ತಿತ್ತು. ನಾನು ಮಂಚದ ಮೇಲಿನಿಂದ ಅವನ ಮುಖ ನೋಡಿದೆ. ತುಟಿ ಒಮ್ಮೆ ಅಲುಗಿತು. ಸುಳ್ಳು ಯಾಕೆ ಹೇಳಲಿ, ಕೇಳಲಿ ಎಂದು ನನಗೂ ಅನಿಸಿತು. ಅವನು ಕೇಳಲಿಲ್ಲ.

ಸಂಗವ್ವ ಗೆರೆ ದಾಟಿದಳು. ಆಮೇಲೆ ದ್ಯಾಮಣ್ಣ. ಆಮೇಲೆ ಉಳಿದ ಜಗತ್ತು.

ನಾನು ಮೈಕಿನಲ್ಲಿ ಗಂಟಲು ಹರಿಯುವಂತೆ ಕೂಗಿದೆ: "ಮೊದಲನೆಯವರು ರೊಟ್ಟಿ ಸಂಗವ್ವಾ!" ಗೌಡರು ಆಮೇಲೆ ಆರು ತಿಂಗಳು ನನಗೆ ಪುರಸಭೆಯ ಒಂದು ಕೂಗೂ ಕೊಡಲಿಲ್ಲ. ಹೋಗಲಿ ಬಿಡಿ.

ವ್ಯವಸ್ಥಾಪಕರು ಒಳಗೆ ಕೂತು ಚರ್ಚಿಸಿ, ತಾಂತ್ರಿಕ ಕಾರಣದಿಂದ ಈ ಹಂತಕ್ಕೆ ವಿಜೇತರಿಲ್ಲ ಎಂದರು. ಸಂಗವ್ವನ ಹತ್ತಿರ ಸೈಕಲ್ಲೇ ಇರಲಿಲ್ಲ ಎಂಬುದು ತಾಂತ್ರಿಕ ಕಾರಣ. ಹೂಗುಚ್ಛ ವಿರಾಜನಿಗೆ ಹೋಯಿತು. ತರಿಸಿಬಿಟ್ಟಿದ್ದರಲ್ಲ, ಯಾರಿಗಾದರೂ ಕೊಡಬೇಕು. ನಾಯಕನ ಮಾತು ಮೀರಿದನೆಂದು ದ್ಯಾಮಣ್ಣನನ್ನು ಅಲ್ಲೇ ತಂಡದಿಂದ ತೆಗೆದರು. ಅವನು ಪುರಸಭೆಯ ಮೆಟ್ಟಿಲ ಮೇಲೆ ಕೂತು ಹೋಳಿಗೆ ತಿನ್ನುತ್ತ ಆಗಲಿ ಸರ್ ಎಂದ. ಮಾರನೇ ದಿನ ಪಂದ್ಯದವರು ಊರ ರಸ್ತೆಯ ಸಹವಾಸವೇ ಬೇಡವೆಂದು ಸೈಕಲ್ಲುಗಳನ್ನು ಟೆಂಪೋದಲ್ಲಿ ಹೇರಿಕೊಂಡು ಹೊಲದ ದಾರಿಯಿಂದ ಹೊರಟುಹೋದರು. ಮುಂದಿನ ಹಂತದಲ್ಲಿ ನೀರು ಕೊಡುವವರಿಲ್ಲದೆ ವಿರಾಜ್ ಹಳದಿ ಅಂಗಿ ಕಳೆದುಕೊಂಡನಂತೆ. ಅಂತೆಕಂತೆ, ನಾನು ನೋಡಿಲ್ಲ.

ಊರಿನಲ್ಲಿ ಏನೂ ಬದಲಾಗಲಿಲ್ಲ ಎಂದೇ ನಾವೆಲ್ಲ ಅಂದುಕೊಂಡೆವು. ಆದರೆ ಬೆಳಿಗ್ಗೆ ಖಾನಾವಳಿಗೆ ಹೋಗುವಾಗ ಸಂಗವ್ವ ನಡುರಸ್ತೆಯಲ್ಲೇ ಹೋಗುತ್ತಾಳೆ. ಹಿಂದೆ ಸಪ್ಪಳವಾದರೆ ಈಗಲೂ ಕಾಲು ಗಟಾರದ ಕಡೆ ಎಳೆಯುತ್ತದೆ. "ಯವ್ವಾ" ಎನ್ನುತ್ತಾನೆ ದ್ಯಾಮಣ್ಣ, ಸೈಕಲ್ಲಿಗೆ ಇನ್ನೊಂದು ಬುಟ್ಟಿ ಕಟ್ಟಿಕೊಂಡು ಹಿಂದೆ ಬರುತ್ತಾನಲ್ಲ, ಅವನು. ಕಾಲು ಮತ್ತೆ ರಸ್ತೆಗೆ ಬರುತ್ತದೆ. ಜನ ಕೇಳುತ್ತಾರೆ, ಅವಳು ಒಂದೇ ಸಲಕ್ಕೆ "ಹೋಗಿ ಬಾರಪ್ಪಾ" ಎನ್ನುತ್ತಾಳೆ. ಯಾರ ಮಗ ಎಂದು ಅವಳು ಯಾರನ್ನೂ ಕೇಳುವುದಿಲ್ಲ.

ಗೌಡರು ಪುರಸಭೆಗೆ ಹೊರಡುವ ಹೊತ್ತೂ ಅದೇ. ಮೊದಲ ದಿನ ಕೆಮ್ಮಿದರು. ಎರಡನೇ ದಿನ ಕೋಲು ಕುಟ್ಟಿದರು. ಆಮೇಲೆ ಎಲ್ಲ ಬಿಟ್ಟು, ರೊಟ್ಟಿಯ ವಾಸನೆ ಕುಡಿಯುತ್ತ ಬಸ್‌ಸ್ಟ್ಯಾಂಡಿನವರೆಗೆ ತಲೆ ತಗ್ಗಿಸಿ ಹಿಂದೆಯೇ ನಡೆಯುತ್ತಾರೆ. "ಪಾಪ, ಗೌಡ್ರಿಗೆ ಹೊತ್ತಾಗತೈತಿ, ದಾರಿ ಬಿಡಬಾರದೇನಬೇ?" ಎಂದು ಒಂದು ದಿನ ನಾನೇ ಸಂಗವ್ವನನ್ನು ಕೇಳಿದೆ.

"ನಾ ಎಲ್ಲಿ ಒಲ್ಲೆ ಅಂದೇನೋ ಮೌಲಾಲಿ?" ಎಂದಳು. "ಕೇಳಿದ್ರ ಬಿಡ್ತೀನಿ. ಇನ್ನಾ ಕೇಳಿಲ್ಲ ಅವರು."